ಮಾಮಾ, ಒಂದು ಬಾಸ್ಕೆಟ್‌ಬಾಲ್ ಕಥಿ ಹೇಳು

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಕೂತು ಬರೆಯಲೇಬೇಕು ಅನ್ನುವಷ್ಟು ಕಾಡಿದ್ದು ಯಾವುದೂ ಇರಲಿಲ್ಲ. ಈ ಸಲ ಕಾಡಿದ್ದು ಅಕ್ಕನ ಮಗಳು.

ಅಕ್ಕನ ಮನೆ ಟಿಕೋಟಾದಲ್ಲಿ. ವಿಜಯಪುರದಿಂದ ಅಥಣಿ ಕಡೆ ಹೋಗುವ ದಾರಿಯಲ್ಲಿ ಸಿಗುವ ಊರು. 2018ರಿಂದ ತಾಲೂಕು ಕೇಂದ್ರ. ಬೇಸಿಗೆ ಶುರುವಾಗುವ ಹೊತ್ತಿಗೆ ಹೋದರೆ ದ್ರಾಕ್ಷಿ ಕಟಾವು ನಡೆದಿರುತ್ತೆ, ಒಣದ್ರಾಕ್ಷಿ ಶೆಡ್ಡುಗಳಿಂದ ಸಿಹಿ ವಾಸನೆ ರಸ್ತೆಗೆ ಬರುತ್ತೆ. ಅಂಥ ಒಂದು ದಿನ ನಾನು ಹೋದಾಗ ಹುಡುಗಿ ಹೊರಗೆ ಕಟ್ಟೆ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ಏನಾಯ್ತು ಅಂತ ಕೇಳಿದೆ.

"ಮ್ಯಾಚಿನ್ಯಾಗ ಜಗಳಾ ಆತು ಮಾಮಾ. ಸರ್ ಬಾಲ್ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ಯಾರ. ಇನ್ನ ಹುಡಿಗ್ಯಾರಿಗೆ ಬಾಸ್ಕೆಟ್‌ಬಾಲ್ ಇಲ್ಲಂತ."

ವಿಷಯ ಇಷ್ಟು. ಬಬಲೇಶ್ವರದ ಕಡೆಯ ಒಂದು ಶಾಲೆಯ ಹುಡುಗಿಯರ ಜೊತೆ ಇವರದ್ದು ಸ್ನೇಹದ ಪಂದ್ಯ ಇತ್ತು. ಸ್ನೇಹ ಹತ್ತು ನಿಮಿಷ ಉಳಿಯಿತು. ಆಮೇಲೆ ಯಾರೋ ಯಾರದ್ದೋ ಜಡೆ ಎಳೆದರು, ಯಾರೋ ತಳ್ಳಿದರು, ಒಬ್ಬಳ ಮೊಣಕಾಲು ಕೆತ್ತಿ ರಕ್ತ ಬಂತು. ಎರಡೂ ಕಡೆ ಮನೆಯವರು ಶಾಲೆಗೆ ಬಂದರು. ಚೆಂಡು ಕಪಾಟು ಸೇರಿತು. ತಪ್ಪು ಯಾರದ್ದು ಅಂತ ನಾನು ಕೇಳಲಿಲ್ಲ, ಕೇಳಿದ್ದರೂ ಉತ್ತರ ಗೊತ್ತಿದ್ದದ್ದೇ :)

ಸಮಾಧಾನ ಮಾಡೋಣ ಅಂತ ಪಕ್ಕದಲ್ಲಿ ಕೂತೆ. ಆಗ ಅವಳು ಕೇಳಿದ್ದು: "ಮಾಮಾ, ಒಂದು ಬಾಸ್ಕೆಟ್‌ಬಾಲ್ ಕಥಿ ಹೇಳು."

ಕ್ರಿಕೆಟ್ ಕಥೆ ಕೇಳಿದ್ದರೆ ನೂರು ಹೇಳುತ್ತಿದ್ದೆ. ಕುಸ್ತಿ ಕೇಳಿದ್ದರೂ ನಡೆಯುತ್ತಿತ್ತು, ನಮ್ಮ ಕಡೆ ಗರಡಿಮನೆ ಕಥೆಗಳಿಗೆ ಬರವಿಲ್ಲ. ಬಾಸ್ಕೆಟ್‌ಬಾಲ್ ಅಂದ ಕೂಡಲೇ ನನ್ನ ಗಂಟಲಲ್ಲಿ ಏನೋ ಸಿಕ್ಕಿಕೊಂಡಂಗಾಯ್ತು. ನಾನು ಚಿಕ್ಕವನಿದ್ದಾಗ ಚಂದಮಾಮದಲ್ಲಿ ಓದಿದ್ದು ರಾಜರು, ಬೇತಾಳಗಳು. ಬೇತಾಳ ಬಾಸ್ಕೆಟ್‌ಬಾಲ್ ಆಡುವುದಿಲ್ಲ. ಕೊನೆಗೆ ನೆನಪಾಗಿದ್ದು ಒಂದೇ, ಆ ಆಟ ಹುಟ್ಟಿದ ಕಥೆ. ಇಂಗ್ಲಿಷಿನ ಮಕ್ಕಳ ಪುಸ್ತಕಗಳಲ್ಲಿ ಸಾವಿರ ಸಲ ಬಂದಿರುವ ಕಥೆ ಅದು. ಅದನ್ನೇ ಶುರು ಮಾಡಿದೆ.

ಕೆನಡಾದಲ್ಲಿ ಆಲ್ಮಾಂಟ್ ಅಂತ ಒಂದು ಊರು. 1861ರಲ್ಲಿ ಅಲ್ಲಿ ಜೇಮ್ಸ್ ನೈಸ್ಮಿತ್ ಅನ್ನುವ ಹುಡುಗ ಹುಟ್ಟಿದ. ಅವನಿಗೆ ಇನ್ನೂ ಒಂಬತ್ತು ವರ್ಷ ತುಂಬುವ ಹೊತ್ತಿಗೆ ವಿಷಮಜ್ವರದಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದರು. ಸಾಕಿದ್ದು ಸೋದರಮಾವ. ("ನಿನ್ನಂಗ ಮಾಮಾ" ಅಂದಳು. ಹೌದು, ನನ್ನಂಗ.) ಶಾಲೆ ಬಿಟ್ಟು ಕೆಲವು ವರ್ಷ ಕಾಡಿನಲ್ಲಿ ಮರ ಕಡಿಯುವ ಕೆಲಸ ಮಾಡಿದ. ಆಮೇಲೆ ವಾಪಸ್ ಶಾಲೆಗೆ ಬಂದು ತನಗಿಂತ ಚಿಕ್ಕ ಹುಡುಗರ ಜೊತೆ ಕೂತು ಓದಿದ.

ಆ ಊರಿನ ಹುಡುಗರು ಒಂದು ಆಟ ಆಡುತ್ತಿದ್ದರು. 'ಬಂಡೆ ಮೇಲಿನ ಬಾತು' ಅನ್ನಬಹುದು. ದೊಡ್ಡ ಬಂಡೆಯ ಮೇಲೆ ಒಂದು ಕಲ್ಲು ಇಡೋದು. ದೂರ ನಿಂತು ಇನ್ನೊಂದು ಕಲ್ಲು ಎಸೆದು ಅದನ್ನು ಬೀಳಿಸೋದು. ನಮ್ಮ ಲಗೋರಿಗೆ ದೂರದ ನೆಂಟ. ಜೋರಾಗಿ ಎಸೆದರೆ ಕಲ್ಲು ಗುರಿ ತಪ್ಪಿ ದೂರ ಹೋಗಿ ಬೀಳುತ್ತೆ, ಅದನ್ನು ಹೆಕ್ಕಿಕೊಂಡು ಬರುವಷ್ಟರಲ್ಲಿ ಔಟ್. ಮೆತ್ತಗೆ ಮೇಲಕ್ಕೆ ಎಸೆದು ಕಮಾನಿನ ಹಾಗೆ ಇಳಿಸಿದವನೇ ಗೆಲ್ಲುತ್ತಿದ್ದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1891. ನೈಸ್ಮಿತ್ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ವೈ.ಎಂ.ಸಿ.ಎ. ತರಬೇತಿ ಶಾಲೆಯ ಮಾಸ್ತರ. ಹೊರಗೆ ಹಿಮ. ಫುಟ್‌ಬಾಲ್ ಋತು ಮುಗಿದಿದೆ, ಬೇಸ್‌ಬಾಲ್ ಇನ್ನೂ ಶುರುವಾಗಿಲ್ಲ. ಒಳಗೆ ಬರೀ ಕವಾಯತು ಮಾಡಿಸಿದರೆ ವಿದ್ಯಾರ್ಥಿಗಳಿಗೆ ಸಿಟ್ಟು. ಹದಿನೆಂಟು ಜನ ಗಡ್ಡ ಮೀಸೆಯ ಗಂಡಸರ ಕ್ಲಾಸು ಅದು, ಆಗಲೇ ಇಬ್ಬರು ಮಾಸ್ತರು ಕೈಚೆಲ್ಲಿದ್ದರು. ವಿಭಾಗದ ಮುಖ್ಯಸ್ಥ ಲೂಥರ್ ಗ್ಯುಲಿಕ್ ಈ ಕ್ಲಾಸನ್ನು ನೈಸ್ಮಿತ್ ತಲೆಗೆ ಕಟ್ಟಿದ. ಹೊಸ ಆಟ ಕಂಡುಹಿಡಿಯೋಕೆ ಹದಿನಾಲ್ಕು ದಿನ ಗಡುವು. (ಗಡುವು ಅನ್ನೋದು ನಮ್ಮ ಸಾಫ್ಟ್‌ವೇರಿನವರ ಕಂಡುಹಿಡಿಕೆ ಅಲ್ಲ ಅಂತ ಇಲ್ಲಿ ಸಾಬೀತಾಯ್ತು.)

ಹದಿಮೂರು ದಿನ ಏನೂ ಕೂಡಿಬರಲಿಲ್ಲ. ಹೊರಗಿನ ಆಟಗಳನ್ನೇ ಒಳಗೆ ಆಡಿಸಿದರೆ ಕಿಟಕಿ ಗಾಜು, ಕೈಕಾಲು ಎರಡೂ ಮುರಿಯುತ್ತಿದ್ದವು. ಕೊನೆಗೆ ಅವನು ಕೂತು ಲೆಕ್ಕ ಹಾಕಿದ. ರಗ್ಬಿಯಲ್ಲಿ ಆಟಗಾರರು ಒಬ್ಬರ ಮೇಲೊಬ್ಬರು ಯಾಕೆ ಬೀಳುತ್ತಾರೆ? ಚೆಂಡು ಹಿಡಿದವನು ಓಡುತ್ತಾನೆ, ಅವನನ್ನು ತಡೆಯಬೇಕು, ಅದಕ್ಕೆ. ಓಡುವುದನ್ನೇ ತೆಗೆದುಬಿಟ್ಟರೆ? ಕೆಡವುವ ಕಾರಣವೇ ಇಲ್ಲ. ಸರಿ. ಗೋಲಿಗೆ ಜೋರಾಗಿ ಹೊಡೆಯೋದು ಯಾಕೆ? ಗೋಲು ಎದುರಿಗೆ ಗೋಡೆ ಥರ ನಿಂತಿದೆ, ಅದಕ್ಕೆ. ಗೋಲನ್ನೇ ಮಲಗಿಸಿ ತಲೆ ಮೇಲೆ ಇಟ್ಟರೆ? ಆಗ ಜೋರು ಕೆಲಸಕ್ಕೆ ಬರಲ್ಲ, ಕಮಾನಿನ ಹಾಗೆ ಎಸೆಯಲೇಬೇಕು. ಬಂಡೆ ಮೇಲಿನ ಬಾತು ಇಲ್ಲಿ ಕೆಲಸಕ್ಕೆ ಬಂತು!

ಕಟ್ಟಡ ನೋಡಿಕೊಳ್ಳುವ ಸ್ಟೆಬಿನ್ಸ್ ಹತ್ತಿರ ಎರಡು ಪೆಟ್ಟಿಗೆ ಕೇಳಿದ. ಪೆಟ್ಟಿಗೆ ಇರಲಿಲ್ಲ, ಪೀಚ್ ಹಣ್ಣಿನ ಎರಡು ಬುಟ್ಟಿ ಇದ್ದವು. ಅವನ್ನೇ ಮೇಲಿನ ಗ್ಯಾಲರಿಯ ಕಟಕಟೆಗೆ ಮೊಳೆ ಹೊಡೆದ. ಆ ಗ್ಯಾಲರಿ ಹತ್ತು ಅಡಿ ಎತ್ತರದಲ್ಲಿತ್ತು. ಇವತ್ತಿಗೂ ಜಗತ್ತಿನ ಎಲ್ಲ ದೊಡ್ಡವರ ಪಂದ್ಯದಲ್ಲಿ ರಿಂಗು ಹತ್ತು ಅಡಿಯಲ್ಲೇ ಇದೆ. ಬುಟ್ಟಿಗೆ ತಳ ಇತ್ತು, ಹಾಗಾಗಿ ಚೆಂಡು ಬಿದ್ದಾಗಲೆಲ್ಲ ಮೇಲಕ್ಕೆ ಹತ್ತಿ ತೆಗೆಯಬೇಕಿತ್ತು. ಚೆಂಡು ಕೂಡ ಫುಟ್‌ಬಾಲೇ. ಹದಿಮೂರು ನಿಯಮಗಳನ್ನು ಟೈಪ್ ಮಾಡಿಸಿ ಫಲಕಕ್ಕೆ ಅಂಟಿಸಿದ. ಒಂದೊಂದು ಕಡೆ ಒಂಬತ್ತು ಜನ. ವಿಲಿಯಂ ಚೇಸ್ ಅನ್ನುವವನು ಒಂದು ಬುಟ್ಟಿ ಹಾಕಿದ. ಅದೇ ಮೊದಲ ಮತ್ತು ಏಕೈಕ ಗೋಲು, 1-0. ಕ್ಲಾಸಿನ ತಂಟೆಕೋರ ಫ್ರ್ಯಾಂಕ್ ಮಹಾನ್ ಆ ನಿಯಮದ ಹಾಳೆಯನ್ನು ನೆನಪಿಗೆ ಇರಲಿ ಅಂತ ಫಲಕದಿಂದ ಕದ್ದ, ಆಮೇಲೆ ಮನಸ್ಸು ತಡೆಯದೆ ತಂದುಕೊಟ್ಟ. ಆಟಕ್ಕೆ 'ನೈಸ್ಮಿತ್ ಬಾಲ್' ಅಂತ ಹೆಸರಿಡೋಣ ಅಂದವನೂ ಅವನೇ. ಮಾಸ್ತರ್ ನಕ್ಕುಬಿಟ್ಟ, ಆ ಹೆಸರಿಟ್ಟರೆ ಯಾವ ಆಟವೂ ಉಳಿಯಲ್ಲ ಅಂದ. ಹಂಗಾದರೆ ಬುಟ್ಟಿ ಇದೆ, ಚೆಂಡು ಇದೆ, 'ಬಾಸ್ಕೆಟ್ ಬಾಲ್' ಅನ್ನೋಣ ಅಂದ ಮಹಾನ್. ಕದ್ದು ವಾಪಸ್ ಕೊಟ್ಟ ಆ ಹಾಳೆಗಳು 2010ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 43 ಲಕ್ಷ ಡಾಲರಿಗೆ ಹೋದವು.

ಕಥೆ ಮುಗಿಸಿ ನಾನು ಹೆಮ್ಮೆಯಿಂದ ಕೂತಿದ್ದೆ. ಹುಡುಗಿಯ ಮುಖದಲ್ಲಿ ಖುಷಿ ಇರಲಿಲ್ಲ.

"ಅವರು ಭಾಳ ಶ್ಯಾಣ್ಯಾರಿದ್ರು ಅನ್ನು. ಜಗಳಾನ ಆಡಲಿಲ್ಲ."

ಅಲ್ಲಿಗೆ ನಂಗೆ ಗೊತ್ತಾಯ್ತು, ಸಮಾಧಾನ ಮಾಡೋಕೆ ಹೋಗಿ ಇನ್ನೊಂದು ಬಾರಿಸಿದ್ದೆ. ಅವರು ಜಾಣರು, ನೀವು ಜಗಳಗಂಟಿಯರು ಅಂತ ಹೇಳಿದ ಹಾಗಾಗಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲ್ ಹಿಡಿದು ಕೂತು ಹುಡುಕಿದೆ. ಆಗ ಸಿಕ್ಕಿದ್ದು ಇನ್ನೊಂದು ಕಥೆ.

ನಾನು ಹೇಳಿದ ಕಥೆಯ ಬಹುಪಾಲು ಬರುವುದು ನೈಸ್ಮಿತ್ ಬರೆದ ಪುಸ್ತಕದಿಂದ. ಅದು ಅಚ್ಚಾಗಿದ್ದು 1941ರಲ್ಲಿ, ಅವನು ತೀರಿಕೊಂಡು ಎರಡು ವರ್ಷ ಆದ ಮೇಲೆ. 1939ರ ಜನವರಿಯಲ್ಲಿ, ಅಂದರೆ ಸಾಯುವ ವರ್ಷದ ಶುರುವಿನಲ್ಲಿ, ಅವನು ನ್ಯೂಯಾರ್ಕಿನ ಒಂದು ರೇಡಿಯೋ ಕಾರ್ಯಕ್ರಮದಲ್ಲಿ ಮೂರು ನಿಮಿಷದಷ್ಟು ಮಾತಾಡಿದ್ದ. ಆ ಧ್ವನಿಮುದ್ರಿಕೆ ಎಷ್ಟೋ ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರು ಹುಡುಕಿ ತೆಗೆದಿದ್ದು 2015ರಲ್ಲಿ ಸುದ್ದಿಯಾಯ್ತು. ಅದರಲ್ಲಿ ಮುದುಕ ಏನು ಹೇಳುತ್ತಾನೆ ಗೊತ್ತಾ? ಸೀಟಿ ಊದಿದ, ಆಟ ಶುರುವಾಯ್ತು, ಸ್ವಲ್ಪ ಹೊತ್ತಿಗೆ ಹುಡುಗರು ಒಬ್ಬರನ್ನೊಬ್ಬರು ಕೆಡವಿ ಒದ್ದು ಗುದ್ದಾಡತೊಡಗಿದರು. ಬಿಡಿಸುವಷ್ಟರಲ್ಲಿ ಒಬ್ಬ ಎಚ್ಚರ ತಪ್ಪಿದ್ದ, ಕೆಲವರ ಕಣ್ಣು ಊದಿ ಕಪ್ಪಾಗಿತ್ತು, ಒಬ್ಬನ ಭುಜದ ಕೀಲು ತಪ್ಪಿತ್ತು!

ಜಗತ್ತಿನ ಮೊದಲ ಬಾಸ್ಕೆಟ್‌ಬಾಲ್ ಪಂದ್ಯ ಹೊಡೆದಾಟದಲ್ಲಿ ಮುಗಿದಿತ್ತು.

ಇನ್ನು ಆಡಿಸಿದರೆ ಒಬ್ಬರನ್ನೊಬ್ಬರು ಕೊಂದೇಬಿಟ್ಟಾರು ಅಂತ ಮಾಸ್ತರಿಗೆ ಹೆದರಿಕೆ. ಹುಡುಗರು ಬಿಡಲಿಲ್ಲ, ಇನ್ನೊಂದು ಸಲ ಆಡಿಸಿ ಅಂತ ದುಂಬಾಲು ಬಿದ್ದರು. ಆಗ ಅವನು ಇನ್ನಷ್ಟು ನಿಯಮ ಸೇರಿಸಿದ. ಎಲ್ಲಕ್ಕಿಂತ ಮುಖ್ಯವಾದದ್ದು, ಚೆಂಡು ಹಿಡಿದು ಓಡಬಾರದು ಅನ್ನೋದು. ಅದಾದ ಮೇಲೆ ಹೊಡೆದಾಟ ನಿಂತಿತು ಅನ್ನುತ್ತಾನೆ.

ಪುಸ್ತಕದ ಪ್ರಕಾರ ನಿಯಮ ಮೊದಲು, ಆಟ ಆಮೇಲೆ. ರೇಡಿಯೋದ ಪ್ರಕಾರ ಹೊಡೆದಾಟ ಮೊದಲು, ಮುಖ್ಯ ನಿಯಮ ಆಮೇಲೆ. ಎರಡೂ ಒಬ್ಬನ ಬಾಯಿಂದಲೇ ಬಂದದ್ದು. ಕೆಲಸ ಗೊತ್ತಿದ್ದವರಿಗೆ ರೇಡಿಯೋ ಮಾತು ಹೆಚ್ಚು ನಿಜ ಅನ್ನಿಸುತ್ತೆ. ಮೊದಲ ಸಲಕ್ಕೇ ಸರಿಯಾಗಿ ಓಡುವ ಪ್ರೋಗ್ರಾಮನ್ನು ನಾನಂತೂ ಇನ್ನೂ ನೋಡಿಲ್ಲ. ಬಿದ್ದ ಮೇಲೆ ಯಾಕೆ ಬಿತ್ತು ಅಂತ ನೋಡಿ ಸರಿಮಾಡುವುದೇ ಕೆಲಸ. ಆ ಹದಿಮೂರು ನಿಯಮಗಳನ್ನು ಹೊಡೆದಾಟದ ಬೆಳಕಲ್ಲಿ ಮತ್ತೆ ಓದಿದರೆ ಬೇರೆಯೇ ಕಾಣುತ್ತವೆ. ಭುಜದಿಂದ ತಳ್ಳಬಾರದು, ಹಿಡಿಯಬಾರದು, ಕಾಲು ಕೊಡಬಾರದು, ಹೊಡೆಯಬಾರದು. ಮೊದಲ ತಪ್ಪಿಗೆ ಫೌಲ್, ಎರಡನೆಯದಕ್ಕೆ ಮುಂದಿನ ಗೋಲು ಆಗುವವರೆಗೆ ಹೊರಗೆ. ಒಂದೇ ತಂಡ ಸಾಲಾಗಿ ಮೂರು ಫೌಲ್ ಮಾಡಿದರೆ ಎದುರಾಳಿಗೆ ಪುಕ್ಕಟೆ ಒಂದು ಗೋಲು. ಇವು ಜಾಣರಿಗೆ ಬರೆದ ನಿಯಮಗಳಲ್ಲ ಸ್ವಾಮಿ, ಜಗಳಗಂಟರಿಗೇ ಬರೆದದ್ದು.

ಇನ್ನೊಂದು ಮಜಾ ಹೇಳಲಾ? ನೈಸ್ಮಿತ್ 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿನ ಮೊದಲ ಬಾಸ್ಕೆಟ್‌ಬಾಲ್ ಕೋಚ್ ಆದ. 1907ರವರೆಗೆ ಅವನ ತಂಡ ಗೆದ್ದದ್ದು 55, ಸೋತದ್ದು 60. ಕ್ಯಾನ್ಸಸ್ ಅಮೆರಿಕದ ದೊಡ್ಡ ದೊಡ್ಡ ತಂಡಗಳಲ್ಲಿ ಒಂದು, ಅದರ ಇತಿಹಾಸದಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಿರುವ ಕೋಚ್ ಇವನೊಬ್ಬನೇ. ಆಟ ಹುಟ್ಟಿಸಿದವನು! ಮಕ್ಕಳ ಪುಸ್ತಕಗಳಲ್ಲಿ ಈ 60 ಸೋಲು ಅಷ್ಟಾಗಿ ಕಾಣಲ್ಲ.

ಇಲ್ಲಿಂದ ನನ್ನ ತಲೆಗೆ ಹುಳ ಬಿತ್ತು. ಮಕ್ಕಳಿಗೆ ಅಂತ ಬಾಸ್ಕೆಟ್‌ಬಾಲ್ ಕಥೆ ಬರೆದವರು ಯಾರು, ಏನು ಬರೆದರು, ಏನು ಮುಚ್ಚಿಟ್ಟರು?

ಮೊದಲು ಸಿಕ್ಕ ದೊಡ್ಡ ಹೆಸರು ಕ್ಲೇರ್ ಬೀ. ನ್ಯೂಯಾರ್ಕಿನ ಲಾಂಗ್ ಐಲೆಂಡ್ ವಿಶ್ವವಿದ್ಯಾಲಯದ ಕೋಚ್, 1931ರಿಂದ ಇಪ್ಪತ್ತು ವರ್ಷ ಹೆಚ್ಚೂಕಡಿಮೆ ಗೆಲ್ಲುತ್ತಲೇ ಇದ್ದವನು. 1948ರಲ್ಲಿ 'ಚಿಪ್ ಹಿಲ್ಟನ್' ಅನ್ನುವ ಹುಡುಗನ ಕಥಾಮಾಲೆ ಶುರು ಮಾಡಿದ. ಅಪ್ಪ ಇಲ್ಲದ ಹುಡುಗ, ಅಮ್ಮ ದುಡಿದು ಸಾಕುತ್ತಾಳೆ. ಋತುವಿಗೆ ತಕ್ಕಂತೆ ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಬೇಸ್‌ಬಾಲ್ ಆಡುತ್ತಾನೆ, ಎಂದೂ ಮೋಸ ಮಾಡಲ್ಲ. 1960ರ ದಶಕದ ಮಧ್ಯದವರೆಗೆ 23 ಪುಸ್ತಕ ಬಂದವು, ಅಮೆರಿಕದ ಒಂದು ತಲೆಮಾರಿನ ಹುಡುಗರು ಇವನ್ನು ಓದಿಯೇ ಬೆಳೆದರು.

1951ರಲ್ಲಿ ಏನಾಯ್ತು ಅಂದರೆ, ಕ್ಲೇರ್ ಬೀಯ ಸ್ವಂತ ತಂಡದ ಆಟಗಾರರನ್ನು ಪೊಲೀಸರು ಹಿಡಿದರು. ಜೂಜುಕೋರರಿಂದ ದುಡ್ಡು ತಿಂದು ಬೇಕಂತಲೇ ಪಾಯಿಂಟು ಕಡಿಮೆ ಮಾಡುತ್ತಿದ್ದರು. ಆ ವರ್ಷ ದೇಶದಲ್ಲೇ ಹೆಸರು ಮಾಡಿದ್ದ ಷರ್ಮನ್ ವೈಟ್ ಜೈಲಿಗೆ ಹೋದ, ದೊಡ್ಡ ಲೀಗಿನ ಬಾಗಿಲು ಅವನಿಗೆ ಶಾಶ್ವತವಾಗಿ ಮುಚ್ಚಿತು. ವಿಶ್ವವಿದ್ಯಾಲಯ ಕೆಲವು ವರ್ಷ ಬಾಸ್ಕೆಟ್‌ಬಾಲನ್ನೇ ನಿಲ್ಲಿಸಿತು. ಪುಸ್ತಕದಲ್ಲಿ ಹುಡುಗರಿಗೆ ಪ್ರಾಮಾಣಿಕತೆ ಕಲಿಸುತ್ತಿದ್ದವನ ಮನೆಯಲ್ಲೇ ಕಳ್ಳತನ! ಮರುವರ್ಷ ಅವನು ಒಂದು ಪತ್ರಿಕೆಯಲ್ಲಿ, ಹೇಗಾದರೂ ಗೆಲ್ಲಬೇಕು ಅನ್ನುವ ನನ್ನಂಥ ಕೋಚುಗಳೂ ಈ ವಾತಾವರಣಕ್ಕೆ ಕಾರಣ ಅನ್ನುವ ಅರ್ಥದಲ್ಲಿ ಬರೆದ. ಇದನ್ನು ಒಪ್ಪಿಕೊಳ್ಳೋಕೆ ಎದೆಗಾರಿಕೆ ಬೇಕು. ಆದರೆ ಅದನ್ನು ಬರೆದಿದ್ದು ದೊಡ್ಡವರ ಪತ್ರಿಕೆಯಲ್ಲಿ. ಮಕ್ಕಳ ಪುಸ್ತಕದಲ್ಲಿ ಚಿಪ್ ಹಿಲ್ಟನ್ ಮೊದಲಿನ ಹಾಗೇ ಬಿಳಿ ಹಾಳೆಯಂತೆ ಉಳಿದ.

ನಂಗೆ ಅನ್ನಿಸಿದ್ದು, ಆ ತಂಡದ ಹುಡುಗನೊಬ್ಬನ ಕಥೆಯನ್ನು ಕ್ಲೇರ್ ಬೀ ಮಕ್ಕಳಿಗೇ ಬರೆದಿದ್ದರೆ? ಮೊದಲ ಸಲ ದುಡ್ಡು ಮುಟ್ಟಿದಾಗ ಅವನಿಗೆ ಏನನ್ನಿಸಿತು ಅಂತ? ಅವನಿಗಿಂತ ಚೆನ್ನಾಗಿ ಅದನ್ನು ಬರೆಯಬಲ್ಲವರು ಯಾರಿದ್ದರು?

ಇನ್ನೊಂದು ಕಥೆ ಜಪಾನಿನದು. ಅದಕ್ಕೂ ಮೊದಲು ಒಂದು ವಿಷಯ. ಸ್ಪ್ರಿಂಗ್‌ಫೀಲ್ಡಿನ ಆ ಹದಿನೆಂಟು ಜನರಲ್ಲಿ ಗೆನ್ಜಬುರೊ ಇಶಿಕಾವಾ ಅನ್ನುವ ಜಪಾನಿ ವಿದ್ಯಾರ್ಥಿ ಇದ್ದ. ಅವನು ಬರೆದ ಆ ಆಟದ ರೇಖಾಚಿತ್ರ ಇವತ್ತಿಗೂ ಉಳಿದಿದೆ. ಅದೇ ಕೋಣೆಯಲ್ಲಿ ಒಂದು ತಂಡದ ನಾಯಕನಾಗಿದ್ದವನು ಡಂಕನ್ ಪ್ಯಾಟನ್, ಕೆನಡಾದವನು. ಅವನೇ 1894ರ ಸುಮಾರಿಗೆ ವೈ.ಎಂ.ಸಿ.ಎ. ಕೆಲಸಕ್ಕೆ ಬಂದು ಭಾರತಕ್ಕೆ ಈ ಆಟ ತಂದ. ಅಂದರೆ ಆ ಒಂದು ಕೋಣೆಯಿಂದ ಎಳೆ ಜಪಾನಿಗೂ ಇದೆ, ನಮಗೂ ಇದೆ. ಜಪಾನಿನಲ್ಲಿ ಆಟ ಕಾಲೂರಿದ್ದು 1908ರ ನಂತರ. ನಮ್ಮದು ಅದಕ್ಕಿಂತ ಹಳೆಯದು!

ಜಪಾನಿನಲ್ಲೂ ಬಹಳ ಕಾಲ ಬಾಸ್ಕೆಟ್‌ಬಾಲ್ ಬೇಸ್‌ಬಾಲಿನ ನೆರಳಲ್ಲೇ ಇತ್ತು. 1990ರಲ್ಲಿ ತಕೆಹಿಕೊ ಇನೊವೆ ಅನ್ನುವ ಯುವಕ ಮಕ್ಕಳ ವಾರಪತ್ರಿಕೆಯಲ್ಲಿ 'ಸ್ಲ್ಯಾಮ್ ಡಂಕ್' ಅನ್ನುವ ಚಿತ್ರಕಥೆ ಶುರು ಮಾಡಿದ. ಕೆಂಪು ಕೂದಲಿನ ಪುಂಡ ಹುಡುಗ, ಹೆಸರು ಸಕುರಾಗಿ. ಬಾಸ್ಕೆಟ್‌ಬಾಲ್ ಗಂಧಗಾಳಿ ಇಲ್ಲ, ಒಬ್ಬ ಹುಡುಗಿಯ ಮೆಚ್ಚುಗೆಗಾಗಿ ತಂಡ ಸೇರುತ್ತಾನೆ. ಜಗಳ ಆಡುತ್ತಾನೆ, ಫೌಲ್ ಮಾಡಿ ಮಾಡಿ ಹೊರಗೆ ಹೋಗುತ್ತಾನೆ. 1996ರವರೆಗೆ ನಡೆದು 31 ಸಂಪುಟ ಆಯ್ತು. ಅದರ ಕೊನೆ ನೋಡಿ, ಆ ತಂಡ ದೇಶದ ಚಾಂಪಿಯನ್ನರನ್ನು ಸೋಲಿಸುತ್ತೆ, ಅದರ ಮುಂದಿನ ಪಂದ್ಯದಲ್ಲೇ ಹೀನಾಯವಾಗಿ ಸೋತು ಮನೆಗೆ ಹೋಗುತ್ತೆ. ಕಪ್ ಇಲ್ಲ. ಆದರೂ ಜಪಾನಿನ ಮಕ್ಕಳು ಶಾಲೆ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಹಿಡಿದರು.

2004ರಲ್ಲಿ ಜಪಾನಿನಲ್ಲೇ ಮಾರಾಟ ಹತ್ತು ಕೋಟಿ ಪ್ರತಿ ದಾಟಿದಾಗ ಇನೊವೆ ಓದುಗರಿಗೆ ಥ್ಯಾಂಕ್ಸ್ ಹೇಳಿದ್ದು ಹೇಗೆ ಗೊತ್ತಾ? ಮುಚ್ಚಿಹೋಗಿದ್ದ ಒಂದು ಹೈಸ್ಕೂಲಿಗೆ ಹೋಗಿ 23 ಕರಿಹಲಗೆಗಳ ಮೇಲೆ ಸೀಮೆಸುಣ್ಣದಲ್ಲಿ, ಕಥೆ ಮುಗಿದು ಹತ್ತು ದಿನಗಳಾದ ಮೇಲೆ ಆ ಹುಡುಗರು ಏನು ಮಾಡುತ್ತಿದ್ದಾರೆ ಅಂತ ಚಿತ್ರ ಬರೆದ. ಮೂರು ದಿನ ಜನ ಬಂದು ನೋಡಿದರು. ಆಮೇಲೆ ಅಳಿಸಿಬಿಟ್ಟರು. 2006ರಲ್ಲಿ ಬಾಸ್ಕೆಟ್‌ಬಾಲ್ ಆಡುವ ಹುಡುಗರಿಗೆ ಅಮೆರಿಕಕ್ಕೆ ಹೋಗಿ ಓದಲು ಆ ಕಥೆಯ ಹೆಸರಿನಲ್ಲೇ ವಿದ್ಯಾರ್ಥಿವೇತನ ಶುರುವಾಯ್ತು. ಒಂದು ಕಥೆಯ ಕೈಯಲ್ಲಿ ಇಷ್ಟೆಲ್ಲ ಆಗುತ್ತೆ. ಕರಿಹಲಗೆ, ಸೀಮೆಸುಣ್ಣ ನಮ್ಮ ಶಾಲೆಗಳಲ್ಲೂ ಇವೆಯಲ್ಲ ಅಂತ ಓದುವಾಗ ಅನ್ನಿಸಿತು.

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಈ ಆಟವನ್ನು ಶಾಲೆಗಳಿಗೆ ತಲುಪಿಸಿದ್ದರಲ್ಲಿ ದೊಡ್ಡ ಪಾಲು ಮದ್ರಾಸಿನದು. 1920ರಲ್ಲಿ ಹ್ಯಾರಿ ಕ್ರೋ ಬಕ್ ಅಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆ ಶುರು ಮಾಡಿದರು. ಅಲ್ಲಿ ಕಲಿತ ಮಾಸ್ತರುಗಳು ಚೆಂಡು, ಸೀಟಿ ಹಿಡಿದು ಊರೂರಿಗೆ ಹೋದರು. 1934ರಲ್ಲಿ ದೆಹಲಿಯಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್, 1950ರಲ್ಲಿ ರಾಷ್ಟ್ರೀಯ ಫೆಡರೇಷನ್. ನಮ್ಮ ಬಿಜಾಪುರ ಜಿಲ್ಲೆ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ನಮ್ಮ ಗಾಳಿ ಬೀಸುತ್ತಿದ್ದುದು ಪುಣೆಯ ಕಡೆಯಿಂದ. ಖೋ-ಖೋ ಆಟಕ್ಕೆ 1914ರಲ್ಲಿ ನಿಯಮ ಬರೆಯಲು ಕೂತದ್ದು ಪುಣೆಯ ಡೆಕ್ಕನ್ ಜಿಮಖಾನಾ. ಹೀಗಾಗಿ ನಮ್ಮ ಹಿರಿಯರು ಕುಸ್ತಿ, ಹುತುತು, ಖೋ-ಖೋ ಆಡಿ ಬೆಳೆದವರು. ಈಗ ಕೇಳಿದರೆ ಸೈಕ್ಲಿಂಗ್ ಅನ್ನುತ್ತಾರೆ, ಅದರಲ್ಲಿ ನಮ್ಮ ಜಿಲ್ಲೆಯ ಹೆಸರು ದೊಡ್ಡದು. 1963ರಲ್ಲಿ ಬಿಜಾಪುರದಲ್ಲಿ ಸೈನಿಕ ಶಾಲೆ ಬಂತು, ಅಲ್ಲಿನ ಹುಡುಗರಿಗೆ ಬಾಸ್ಕೆಟ್‌ಬಾಲ್ ಸಹಜವಾಗಿ ಸಿಕ್ಕಿತು. ಟಿಕೋಟಾದ ಹುಡುಗಿಯ ಕೈಗೆ ಚೆಂಡು ಬರೋಕೆ ಇನ್ನೂ ಎಷ್ಟೋ ವರ್ಷ ಬೇಕಾಯ್ತು. ಬಂದಷ್ಟೇ ಬೇಗ ಕಪಾಟಿಗೂ ಹೋಯ್ತು, ಅದು ಬೇರೆ ಮಾತು.

ಹುಡುಗಿಯರ ವಿಷಯ ಬಂದಾಗ ಇದನ್ನೂ ಹೇಳಬೇಕು. ಬಾಸ್ಕೆಟ್‌ಬಾಲ್ ಹುಟ್ಟಿದ ಮರುವರ್ಷವೇ, 1892ರಲ್ಲಿ, ಸ್ಪ್ರಿಂಗ್‌ಫೀಲ್ಡ್ ಹತ್ತಿರದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಅನ್ನುವ ಮೇಡಂ ಹುಡುಗಿಯರಿಗೆ ಈ ಆಟ ಕಲಿಸಿದರು. 1893ರಲ್ಲಿ ಎರಡು ತರಗತಿಗಳ ನಡುವೆ ಪಂದ್ಯ ಇಟ್ಟಾಗ ಗಂಡಸರಿಗೆ ಒಳಗೆ ಪ್ರವೇಶ ಇರಲಿಲ್ಲ! ಅಂದರೆ ಇದು ಗಂಡಸರ ಆಟ, ಹುಡುಗಿಯರು ಆಮೇಲೆ ಸೇರಿಕೊಂಡರು ಅನ್ನುವಂತಿಲ್ಲ. ಹೆಚ್ಚೂಕಡಿಮೆ ಇಬ್ಬರೂ ಒಟ್ಟಿಗೇ ಶುರು ಮಾಡಿದವರು.

ಮಕ್ಕಳ ಸಾಹಿತ್ಯದಲ್ಲಿ ನಮ್ಮ ಜಿಲ್ಲೆ ಬಡದಲ್ಲ. ಶಿಶು ಸಂಗಮೇಶ, ಶಂ.ಗು. ಬಿರಾದಾರ ಇವರೆಲ್ಲ ನಮ್ಮವರೇ. ಬಿರಾದಾರರ ಪದ್ಯ ಶಾಲೆಯಲ್ಲಿ ಹಾಡದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಹಲಸಂಗಿಯ ಗೆಳೆಯರು ಊರೂರು ತಿರುಗಿ ಜನಪದ ಹಾಡು ಕೂಡಿಸಿದ್ದು, ಸಿಂಪಿ ಲಿಂಗಣ್ಣನವರು ಜನಪದ ಕಥೆ ಬರೆದದ್ದು ಇದೇ ನೆಲದಲ್ಲಿ. ನಮ್ಮ ಕಡೆ ಮಕ್ಕಳಿಗೆ ಅಂದರೆ ಮೊದಲು ಬರುವುದು ಪದ್ಯ. ಅದಕ್ಕೇ ನಂಗೆ ಕ್ವಾಮೆ ಅಲೆಕ್ಸಾಂಡರ್ ಬರೆದ 'ದಿ ಕ್ರಾಸ್‌ಓವರ್' ಬಗ್ಗೆ ಓದಿ ಖುಷಿಯಾಯ್ತು. 2014ರ ಪುಸ್ತಕ, ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಬಹುಮಾನ ನ್ಯೂಬೆರಿ ಪದಕ ಪಡೆಯಿತು. ಬಾಸ್ಕೆಟ್‌ಬಾಲ್ ಆಡುವ ಅವಳಿ ಅಣ್ಣತಮ್ಮಂದಿರ ಕಥೆ, ಪೂರ್ತಿ ಪದ್ಯದಲ್ಲಿದೆ. ಅದರಲ್ಲಿ ಒಬ್ಬ ಸಿಟ್ಟಿನಲ್ಲಿ ಚೆಂಡನ್ನು ಇನ್ನೊಬ್ಬನ ಮುಖಕ್ಕೇ ಎಸೆದು ತಂಡದಿಂದ ಹೊರಗಾಗುತ್ತಾನೆ. ಅಪ್ಪನಿಗೆ ಹೃದಯದ ಕಾಯಿಲೆ, ಡಾಕ್ಟರ ಹತ್ತಿರ ಹೋಗಲ್ಲ ಅಂತ ಹಟ ಮಾಡಿ ಸಾಯುತ್ತಾನೆ. ಹನ್ನೆರಡು ವರ್ಷದ ಮಕ್ಕಳಿಗೆ ಇದನ್ನೆಲ್ಲ ಹೇಳಬಹುದು ಅಂತಾಯ್ತು.

ಯಾಕೆ, ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ 1935ರಲ್ಲೇ ಇದನ್ನು ಮಾಡಿದ್ದರಲ್ಲ. 'ಸ್ವಾಮಿ ಅಂಡ್ ಫ್ರೆಂಡ್ಸ್' ಓದಿದವರಿಗೆ ಗೊತ್ತು. ಇಡೀ ಪುಸ್ತಕ ಒಂದು ಕ್ರಿಕೆಟ್ ಪಂದ್ಯದ ಕಡೆಗೆ ನಡೆಯುತ್ತೆ, ಪಂದ್ಯದ ದಿನ ಸ್ವಾಮಿ ಇರುವುದೇ ಇಲ್ಲ. ಓಡಿಹೋಗಿ ಕಾಡಿನಲ್ಲಿ ದಾರಿ ತಪ್ಪಿರುತ್ತಾನೆ. ತಂಡ ಸೋಲುತ್ತೆ, ಗೆಳೆಯ ರಾಜಂ ಕ್ಷಮಿಸಲ್ಲ. ಆಡದೇ ಹೋದ ಆಟದ ಕಥೆಯನ್ನು ತೊಂಬತ್ತು ವರ್ಷ ಆದರೂ ನಾವು ಮರೆತಿಲ್ಲ.

ಬರೆಯುವವರಿಗೆ ಬಾಸ್ಕೆಟ್‌ಬಾಲಿನಲ್ಲಿ ನಮ್ಮದೇ ಸರಕು ಬೇಕಾದಷ್ಟಿದೆ. 1980ರ ಮಾಸ್ಕೋ ಒಲಿಂಪಿಕ್ಸಿಗೆ ಭಾರತದ ತಂಡ ಹೋಗಿತ್ತು, ಬಹಳ ದೇಶಗಳು ಬಹಿಷ್ಕರಿಸಿದ್ದರಿಂದ ಸಿಕ್ಕ ಅವಕಾಶ. ಒಂದೂ ಗೆಲ್ಲದೆ 12ನೇ ಸ್ಥಾನ, ಇದ್ದದ್ದೂ 12 ತಂಡಗಳೇ. 2015ರಲ್ಲಿ ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್ ಅಮೆರಿಕದ ಎನ್.ಬಿ.ಎ. ಆಯ್ಕೆಯಲ್ಲಿ 52ನೆಯವನಾಗಿ ಡಲ್ಲಾಸ್ ತಂಡದ ಪಾಲಾದ. ಭಾರತದಲ್ಲಿ ಹುಟ್ಟಿದವರಲ್ಲಿ ಮೊದಲಿಗ. ಆದರೆ ಎನ್.ಬಿ.ಎ. ಪಂದ್ಯ ಆಡುವ ಅವಕಾಶ ಬರಲಿಲ್ಲ, 2020ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಎರಡು ವರ್ಷ ನಿಷೇಧ ಆಯ್ತು, ಆಮೇಲೆ ವೃತ್ತಿಪರ ಕುಸ್ತಿಗೆ ಹೋದ. ಇದನ್ನು ಬರೀ ಗೆದ್ದ ಹುಡುಗನ ಕಥೆಯಾಗಿ ಹೇಳಿದರೂ ಸುಳ್ಳು, ಬರೀ ಕೆಟ್ಟ ಹುಡುಗನ ಕಥೆಯಾಗಿ ಹೇಳಿದರೂ ಸುಳ್ಳು. 2017ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ ಏಷ್ಯಾ ಕಪ್ ಮಹಿಳೆಯರ ಪಂದ್ಯಗಳು ನಡೆದಾಗ ಬಿ ವಿಭಾಗದ ಫೈನಲ್ಲಿನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಎ ವಿಭಾಗಕ್ಕೆ ಹತ್ತಿತು. ಬರೀ ಎರಡು ಪಾಯಿಂಟು, ಅಂದರೆ ಒಂದು ಬುಟ್ಟಿ! ಇದು ಕಥೆ ಅಲ್ಲದೆ ಇನ್ನೇನು?

ಮರುದಿನ ಬೆಳಿಗ್ಗೆ ಹುಡುಗಿಗೆ ರೇಡಿಯೋ ಕಥೆ ಹೇಳಿದೆ. ಎಚ್ಚರ ತಪ್ಪಿದವನು, ಭುಜ ಕಳಚಿದವನು, ಕಪ್ಪು ಕಣ್ಣುಗಳು, ಏನನ್ನೂ ಬಿಡಲಿಲ್ಲ. ಅಕ್ಕ ಒಳಗಿಂದ "ಇಂಥಾದ್ದೆಲ್ಲಾ ಯಾಕ ಹೇಳತಿ ಅಕಿಗೆ" ಅಂತ ಬೈದಳು. ಹುಡುಗಿ ಕಣ್ಣು ಅಗಲ ಮಾಡಿ ಕೇಳುತ್ತಿದ್ದಳು. ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಹಂಗಂದ್ರ ಆ ಮಾಸ್ತರು ಬುಟ್ಟಿ ಯಾಕ ಬಿಚ್ಚಿ ಒಗೀಲಿಲ್ಲ ಮಾಮಾ?"

ಇಡೀ ರಾತ್ರಿ ಓದಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಬುಟ್ಟಿ ಬಿಚ್ಚುವುದು ಅವನಿಗೆ ಸುಲಭ ಇತ್ತು. ಎರಡು ಮೊಳೆ ಕಿತ್ತರೆ ಮುಗಿಯಿತು, ಯಾರೂ ಕೇಳುತ್ತಿರಲಿಲ್ಲ. "ಹುಡುಗರು ಇನ್ನೊಂದು ಸಲ ಆಡಸ್ರಿ ಅಂತ ಬೆನ್ನು ಬಿದ್ರು, ಅದಕ್ಕ" ಅಂದೆ. ಅಷ್ಟೇ ಉತ್ತರ. ಹುಡುಗರು ಬೆನ್ನು ಬಿದ್ದರು, ಮಾಸ್ತರ್ ಮತ್ತೆ ನಿಯಮ ಬರೆಯೋಕೆ ಕೂತ.

ಆ ಸಂಜೆ ಅವಳು ನೋಟ್‌ಬುಕ್ಕಿನ ಹಾಳೆ ಹರಿದು ಏನೋ ಬರೆಯುತ್ತಿದ್ದಳು. ಇಣುಕಿ ನೋಡಿದೆ. ಒಂದು, ಜಡೆ ಎಳೆಯಬಾರದು. ಎರಡು, ಬಿದ್ದವರನ್ನು ಎದುರಾಳಿಯೇ ಎಬ್ಬಿಸಬೇಕು. ಮೂರು, ಮನೆಯವರನ್ನು ಕರೆತರಬಾರದು. ಹೀಗೆ ಏಳಾಗಿದ್ದವು. ಸೋಮವಾರ ಸರ್‌ಗೆ ಕೊಡುತ್ತೇನೆ ಅಂದಳು.

ನಾನು ಭಾನುವಾರ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಬಂದೆ. ಇದನ್ನು ಬರೆಯುವ ಹೊತ್ತಿಗೂ ಚೆಂಡು ಕಪಾಟಿನಲ್ಲೇ ಇದೆ. ಸರ್ ಹಾಳೆ ಓದಿ ಜೇಬಿಗೆ ಹಾಕಿಕೊಂಡರಂತೆ, ಹರಿದು ಹಾಕಲಿಲ್ಲವಂತೆ. ಅವಳು ಫೋನಿನಲ್ಲಿ ಹೇಳಿದ್ದು ಇಷ್ಟು: "ದಿನಾ ಕೇಳಾಕತ್ತೀನಿ ಮಾಮಾ. ಅವರೂ ಹಂಗ ಬೆನ್ನು ಬಿದ್ದಿದ್ರಲ್ಲಾ."

ಇದನ್ನು ಓದುವ ನಿಮ್ಮಲ್ಲಿ ಎಷ್ಟೋ ಜನ ನನಗಿಂತ ಚೆನ್ನಾಗಿ ಕಥೆ ಬರೆಯುತ್ತೀರಿ. ಯಾರಾದರೂ ಒಂದು ಬಾಸ್ಕೆಟ್‌ಬಾಲ್ ಕಥೆ ಬರೆಯಿರಿ. ಟಿಕೋಟಾದ್ದಾದರೂ ಆಗಲಿ, ನಿಮ್ಮ ಊರಿನದ್ದಾದರೂ ಆಗಲಿ. ಜಗಳ ಇದ್ದರೆ ಇರಲಿ, ಸೋತರೆ ಸೋಲಲಿ. ಒಂದೇ ಬೇಡಿಕೆ, ಮಧ್ಯದಲ್ಲಿ ಯಾರೂ ಬುಟ್ಟಿ ಬಿಚ್ಚಬಾರದು. ಬರೆದವರು ತಿಳಿಸಿ, ನಾನು ಅವಳಿಗೆ ಓದಿ ಹೇಳುತ್ತೇನೆ.